ಫ್ರೀಕ್ವೆನ್ಸಿ ಏರಿದಷ್ಟೂ ಬೆಳಗುವ ರೇಡಿಯೊ ಮೂಲಗಳು ಯಾವುವು? ಹಳೇ ಡಿಟಿಎಚ್ ಡಿಶ್‌ಗೆ ಸಿಗೋದು ಏನೇನು?

ತುಮಕೂರು_ತಾರಸಿ
ಎಲ್ಲರಿಗೂ ನಮಸ್ಕಾರ. ರೀಚಾರ್ಜ್ ನಿಲ್ಲಿಸಿದ ಮೇಲೆ ನಮ್ಮ ತಾರಸಿಯ 60 ಸೆಂ.ಮೀ. ಡಿಟಿಎಚ್ ಡಿಶ್ ಎರಡು ವರ್ಷದಿಂದ ಸುಮ್ಮನೆ ನಿಂತಿತ್ತು. ಅದರ ಎಲ್‌ಎನ್‌ಬಿಗೆ (ಡಿಶ್ ಮುಂದೆ ಸಿಗ್ನಲ್ ಹಿಡಿಯೋ ತಲೆ) ಬೇರೆಯಾಗಿ 13 ವೋಲ್ಟ್ ಕೊಟ್ಟು, ಔಟ್‌ಪುಟ್ಟನ್ನು ಆರ್‌ಟಿಎಲ್ ಡಾಂಗಲ್‌ಗೆ (ಕಂಪ್ಯೂಟರಿಗೆ ಚುಚ್ಚೋ ರೇಡಿಯೊ ರಿಸೀವರ್) ಹಾಕಿ, ಒಟ್ಟು ಪವರ್ ಎಷ್ಟು ಅಂತ ಸೆಕೆಂಡಿಗೊಮ್ಮೆ ಬರೆದಿಡೋ ಒಂದು ಸಣ್ಣ ಪ್ರೋಗ್ರಾಂ ಮಾಡಿಕೊಂಡೆ. ಮಧ್ಯಾಹ್ನ ಡಿಶ್ಶನ್ನು ಕೈಯಲ್ಲೇ ಸೂರ್ಯನ ಕಡೆ ತಿರುಗಿಸಿದ್ರೆ ಗೆರೆ ಥಟ್ ಅಂತ ಮೇಲಕ್ಕೆ ಹೋಗುತ್ತೆ. ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಆಮೇಲೆ "ಸೂರ್ಯನನ್ನು ಬಿಟ್ಟರೆ ಆಕಾಶದ ಅತಿ ಪ್ರಖರ ರೇಡಿಯೊ ಮೂಲ ಕ್ಯಾಸಿಯೋಪಿಯಾ ಎ" ಅಂತ ಓದಿ, ಸತತ ಮೂರು ರಾತ್ರಿ ಅದರ ಹಿಂದೆ ಬಿದ್ದೆ. ಫೋನಿನ ಆ್ಯಪ್‌ನಲ್ಲಿ ಎತ್ತರದ ಕೋನ ನೋಡಿಕೊಂಡು, ಡಿಶ್ ಮುಖಕ್ಕೆ ಫೋನ್ ಒತ್ತಿ ಹಿಡಿದು, ಅಷ್ಟೇ ಕೋನಕ್ಕೆ ಬೋಲ್ಟ್ ಬಿಗಿದೆ. ಏನೂ ಬರಲಿಲ್ಲ. ಗೆರೆ ಅಲ್ಲಾಡಲೂ ಇಲ್ಲ.

ಎಲ್ಲೋ ಒಂದು ಕಡೆ, ಕೆಲವು ಮೂಲಗಳು ಫ್ರೀಕ್ವೆನ್ಸಿ ಹೆಚ್ಚಾದ ಹಾಗೆ ಮಂಕಾಗುತ್ತವೆ, ಕೆಲವು ಇನ್ನಷ್ಟು ಬೆಳಗುತ್ತವೆ ಅಂತ ಓದಿದ ನೆನಪು. ಹಾಗಿದ್ರೆ 11 ಗಿಗಾಹರ್ಟ್ಸ್‌ನಲ್ಲಿ ಕೂತಿರೋ ನಾನು ಯಾವುದನ್ನ ಹುಡುಕಬೇಕು? ಗೊತ್ತಿರೋರು ಹೇಳಿ.

ಮೃಗಶಿರ
ಕ್ಯಾಸಿಯೋಪಿಯಾ ಎ (ಕ್ಯಾಸ್ ಎ) ಅತಿ ಪ್ರಖರ ಅಂತ ನೀವು ಓದಿದ ಮಾತು ತಪ್ಪಲ್ಲ. ಆದ್ರೆ ಅದು ಕಡಿಮೆ ಫ್ರೀಕ್ವೆನ್ಸಿಗೆ ಸೇರಿದ ಮಾತು. 11 ಗಿಗಾಹರ್ಟ್ಸ್‌ಗೆ ಬರೋ ಹೊತ್ತಿಗೆ ಏಡಿ ನೀಹಾರಿಕೆಯೇ ಕ್ಯಾಸ್ ಎ ಅನ್ನು ಹಿಂದೆ ಹಾಕಿರುತ್ತೆ.

ಹುಬ್ಬಳ್ಳಿ_ಹ್ಯಾಮ್
ಮೊದಲ ಚಂದ್ರನ್ನ ಹಿಡೀರಿ. ಉಳಿದದ್ದು ಆಮ್ಯಾಲ.

ನಿವೃತ್ತ_ಮೇಷ್ಟ್ರು
ತಾರಸಿಯವರೇ, ಬಹಳ ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಕ್ಯಾಸ್ ಎ ಒಂದು ಸಿಡಿದ ನಕ್ಷತ್ರದ ಅವಶೇಷ. ಅದರ ರೇಡಿಯೊ ಬೆಳಕು ಬರೋದು ಶಾಖದಿಂದ ಅಲ್ಲ. ಬೆಳಕಿನ ವೇಗದ ಹತ್ತಿರ ಓಡುವ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರಕ್ಕೆ ಸಿಕ್ಕಿ ಸುತ್ತುವಾಗ ಹೊರಬೀಳುವ ಬೆಳಕು ಅದು, ಸಿಂಕ್ರೊಟ್ರಾನ್ ವಿಕಿರಣ ಅನ್ನುತ್ತಾರೆ. ಹೆಚ್ಚು ಫ್ರೀಕ್ವೆನ್ಸಿಯ ಅಲೆ ಬರಬೇಕಾದರೆ ಹೆಚ್ಚು ಶಕ್ತಿಯ ಎಲೆಕ್ಟ್ರಾನ್ ಬೇಕು. ಅಂಥವು ಯಾವತ್ತೂ ಕಡಿಮೆ. ಆದ್ದರಿಂದ ಫ್ರೀಕ್ವೆನ್ಸಿ ಏರಿದ ಹಾಗೆ ಮೂಲ ಮಂಕು. ಕ್ಯಾಸ್ ಎ 1.4 ಗಿಗಾಹರ್ಟ್ಸ್‌ನಲ್ಲಿ ಈಗ 1,700 ಜಾನ್ಸ್ಕಿ (ರೇಡಿಯೊ ಪ್ರಖರತೆಯ ಅಳತೆ) ಆಸುಪಾಸು, ನಿಮ್ಮ 11ರಲ್ಲಿ 400ಕ್ಕಿಂತ ಕೆಳಗೆ. ಅದೂ ಅಲ್ಲದೆ ಅದು ವರ್ಷದಿಂದ ವರ್ಷಕ್ಕೆ ಆರುತ್ತಾ ಬರುತ್ತಿರುವ ಮೂಲ.

ಚಂದ್ರನ ಕಥೆ ಇದಕ್ಕೆ ತಿರುಗಾಮುರುಗಾ. ಅವನು ಬಿಸಿಯಿರುವ ಒಂದು ಕಲ್ಲುಗುಂಡು, ರೇಡಿಯೊಗೆ ಕಾಣೋ ಅವನ ಬಿಸಿ ಸುಮಾರು 215 ಕೆಲ್ವಿನ್. ಬಿಸಿ ವಸ್ತು ಸೂಸುವ ಬೆಳಕಿನ ಗೆರೆ ಒಂದು ಗುಡ್ಡದ ಹಾಗೆ ಅಂದುಕೊಳ್ಳಿ. ಚಂದ್ರನ ಗುಡ್ಡದ ತುದಿ ಅವಗೆಂಪಿನಲ್ಲಿದೆ, ನಾವು ರೇಡಿಯೊದವರು ಬುಡದಲ್ಲಿ ನಿಂತಿದ್ದೇವೆ. ಬುಡದಿಂದ ಮೇಲಕ್ಕೆ ಹತ್ತುವಾಗ ಫ್ರೀಕ್ವೆನ್ಸಿ ಎರಡರಷ್ಟಾದರೆ ಬೆಳಕು ನಾಲ್ಕರಷ್ಟು. ಲೆಕ್ಕ ಹಾಕಿ ನೋಡಿದೆ: 1.42 ಗಿಗಾಹರ್ಟ್ಸ್‌ನಲ್ಲಿ ಚಂದ್ರ ಸುಮಾರು 850 ಜಾನ್ಸ್ಕಿ. ಅಂದರೆ ಅಲ್ಲಿ ಕ್ಯಾಸ್ ಎ ಅವನಿಗಿಂತ ಎರಡರಷ್ಟು ಪ್ರಖರ. ಅದೇ 11.2 ಗಿಗಾಹರ್ಟ್ಸ್‌ನಲ್ಲಿ ಚಂದ್ರ ಹತ್ತಿರ ಹತ್ತಿರ 53,000 ಜಾನ್ಸ್ಕಿ! ಕ್ಯಾಸ್ ಎ ಅವನ ನೂರರಲ್ಲೊಂದು ಪಾಲೂ ಇಲ್ಲ.

ಹಾಗಾಗಿ ಹುಬ್ಬಳ್ಳಿಯವರು ಒಂದೇ ಸಾಲಲ್ಲಿ ಹೇಳಿದ್ದು ಸರಿ. ನಿಮ್ಮ ಕೈಯಲ್ಲಿರುವ ಸಾಧನಕ್ಕೆ ಹೊಂದುವುದು ಶಾಖದ ಮೂಲಗಳು. ಸೂರ್ಯ, ಚಂದ್ರ, ಗ್ರಹಗಳು, ನೀಹಾರಿಕೆಗಳ ಬಿಸಿ ಅನಿಲ.

ಹುಬ್ಬಳ್ಳಿ_ಹ್ಯಾಮ್
ಮೇಷ್ಟ್ರ ಲೆಕ್ಕಕ್ಕ ನಾನೊಂದಿಷ್ಟು ಸೇರಸ್ತೀನಿ. ಜಾನ್ಸ್ಕಿ ಲೆಕ್ಕ ಡಿಶ್‌ಗೆ ತಿಳಿಯೂದಿಲ್ಲ, ಡಿಶ್‌ಗೆ ತಿಳಿಯೂದು ಕೆಲ್ವಿನ್, ಅಂದ್ರ ಬಂದ ಗದ್ದಲ ಎಷ್ಟು ಬಿಸಿಗೆ ಸಮ ಅನ್ನೂ ಲೆಕ್ಕ. 60 ಸೆಂ.ಮೀ. ಡಿಶ್‌ನಾಗ 100ಕ್ಕ 60ರಷ್ಟು ಕೆಲಸಕ್ಕ ಬರ್ತೈತಿ ಅಂತ ಹಿಡದ್ರ, ಸೂರ್ಯ 180 ಕೆಲ್ವಿನ್ ಏರಸ್ತಾನ. ಚಂದ್ರ 3 ಕೆಲ್ವಿನ್ ಚಿಲ್ಲರೆ. ಕ್ಯಾಸ್ ಎ ಬರೇ 0.02 ಕೆಲ್ವಿನ್. ನಿಮ್ಮ ಎಲ್‌ಎನ್‌ಬಿ, ಸುತ್ತಲ ನೆಲ, ಗಾಳಿ ಎಲ್ಲಾ ಕೂಡಿ 100 ಕೆಲ್ವಿನ್ ಗದ್ದಲ ಇರ್ತೈತಿ. ಅದರಾಗ 0.02 ಹುಡುಕೂದಂದ್ರ ಜಾತ್ರ್ಯಾಗ ಸೊಳ್ಳಿ ಸಪ್ಪಳ ಕೇಳಿಧಂಗ.

ಇನ್ನ ಎರಡು ತಪ್ಪು ಕಾಣಾಕತ್ತಾವ.

ಡಾಂಗಲ್ ಒಂದು ಸಲಕ್ಕ 2.4 ಮೆಗಾಹರ್ಟ್ಸ್ ಅಷ್ಟ ನೋಡ್ತೈತಿ. ಎಲ್‌ಎನ್‌ಬಿ ಕೊಡೂದು 1,000 ಮೆಗಾಹರ್ಟ್ಸ್‌ಕಿಂತ ಅಗಲ. ಶಾಖದ ಗದ್ದಲ ಎಲ್ಲಾ ಕಡೆ ಸಮ ಹರಡಿರ್ತೈತಿ, ಎಷ್ಟು ಅಗಲ ತಗೋತೀರೋ ಗೆರಿ ಅಷ್ಟು ನಯ ಆಗ್ತೈತಿ, ಅಗಲದ ವರ್ಗಮೂಲದ ಲೆಕ್ಕದಾಗ. ಪೂರಾ 1,000 ಮೆಗಾಹರ್ಟ್ಸ್ ತಗೊಂಡ್ರ 20 ಪಟ್ಟು ಲಾಭ. ಪ್ಯಾಟ್ಯಾಗ ಸಿಗೂ ಸ್ಯಾಟ್ ಫೈಂಡರ್ (ಡಿಶ್ ದಿಕ್ಕ ಹೊಂದಸೂ ಮೀಟರ್) ಬಿಚ್ಚಿ, ಮುಳ್ಳಿಗೆ ಹೋಗೂ ವೋಲ್ಟೇಜ್‌ನ ಒಂದು ಎಡಿಸಿ (ವೋಲ್ಟೇಜ್ ಅಂಕಿ ಮಾಡೂ) ಬೋರ್ಡ್‌ಗೆ ಹಾಕ್ರಿ. ನೂರಾರು ರೂಪಾಯದಾಗ ಮುಗೀತೈತಿ.

ಎರಡನೇದು ದೊಡ್ಡ ತಪ್ಪು. ನಿಮ್ಮದು ಆಫ್‌ಸೆಟ್ ಡಿಶ್ ಐತಿ. ಅದರ ಮುಖ ನೋಡೂ ದಿಕ್ಕ ಬ್ಯಾರೆ, ಡಿಶ್ ನೋಡೂ ದಿಕ್ಕ ಬ್ಯಾರೆ. ಇಪ್ಪತ್ತು ಡಿಗ್ರಿ ಮ್ಯಾಲೇ ಫರಕ್ ಇರ್ತೈತಿ. ಮುಖಕ್ಕ ಫೋನ್ ಹಿಡದು ಕೋನ ಅಳದ್ರಿ ಅಂದ್ರ, ಆ ಮೂರೂ ರಾತ್ರಿ ನೀವು ಕ್ಯಾಸ್ ಎ ಕಡೆ ನೋಡೇ ಇಲ್ಲ.

ತುಮಕೂರು_ತಾರಸಿ
ಸಾರ್, ಈ ಆಫ್‌ಸೆಟ್ ವಿಷಯ ನನಗೆ ಗೊತ್ತೇ ಇರಲಿಲ್ಲ. ಸೂರ್ಯನನ್ನ ಕೈಯಾರೆ ತಿರುಗಿಸಿ ಹಿಡಿದಿದ್ದಕ್ಕೆ ಆವತ್ತು ಅಡ್ಡಿ ಆಗಲಿಲ್ಲ ಅನ್ಸುತ್ತೆ. ಸರಿಯಾದ ಕೋನ ಕಂಡುಹಿಡಿಯೋದು ಹೇಗೆ?

ಹುಬ್ಬಳ್ಳಿ_ಹ್ಯಾಮ್
ಸೂರ್ಯನ್ನ ಹಿಡದು ಗೆರಿ ಅಗದೀ ತುದಿಗೆ ಬಂದಾಗ ಬೋಲ್ಟ್ ಬಿಗೀರಿ. ಮುಖಕ್ಕ ಫೋನ್ ಹಿಡದು ಕೋನ ಬರಕೋರಿ. ಆ ಗಳಿಗ್ಯಾಗ ಸೂರ್ಯನ ಖರೇ ಎತ್ತರ ಎಷ್ಟಂತ ಆ್ಯಪ್‌ನಾಗ ನೋಡ್ರಿ. ಎರಡರ ಫರಕ್ ನಿಮ್ಮ ಡಿಶ್‌ನ ಆಫ್‌ಸೆಟ್. ಡಿಶ್ ಹಿಂದ ಪೇಂಟ್‌ನಾಗ ಬರದಿಡ್ರಿ, ಮರೀಬ್ಯಾಡ್ರಿ.

ಹೊಸಬ_ಪಿಯು
ನಾನು ದ್ವಿತೀಯ ಪಿಯುಸಿ. ಮೇಷ್ಟ್ರೇ ಒಂದು ಡೌಟು. ಮಹಾವ್ಯಾಧದ ನೀಹಾರಿಕೆ, ಎಂ 42, ಅದರ ಅನಿಲ 8,000 ಕೆಲ್ವಿನ್ ಬಿಸಿ ಅಂತ ಓದಿದೀನಿ. ಹಾಗಾದ್ರೆ ಅದೂ ಚಂದ್ರನ ಥರ ಫ್ರೀಕ್ವೆನ್ಸಿಯ ವರ್ಗಕ್ಕೆ ಏರ್ತಾ ಹೋಗುತ್ತಾ? 11ರಲ್ಲಿ ಸಖತ್ ಬ್ರೈಟ್ ಇರ್ಬೇಕಲ್ವಾ?

ನಿವೃತ್ತ_ಮೇಷ್ಟ್ರು
ಹೌದು ಮಗು, ಶಾಖದ ಮೂಲ ಅಂದ ಮೇಲೆ ಅದೇ ನಿಯಮ.

ಮೃಗಶಿರ
ಮೇಷ್ಟ್ರೇ, ಕ್ಷಮಿಸಿ, ಇಲ್ಲಿ ತಿದ್ದಲೇಬೇಕು. ಚಂದ್ರ ಗಟ್ಟಿ, ಅವನ ಮೂಲಕ ಆಚೆ ಏನೂ ಕಾಣಲ್ಲ. ಎಂ 42 ಹಾಗಲ್ಲ, ಅದು ಮಂಜಿನ ಹಾಗೆ. ಕಡಿಮೆ ಫ್ರೀಕ್ವೆನ್ಸಿಗೆ ಆ ಮಂಜು ದಟ್ಟ, ಹೊರಮೈ ಮಾತ್ರ ಕಾಣುತ್ತೆ, ಅಲ್ಲಿ ವರ್ಗದ ನಿಯಮ ನಡೆಯುತ್ತೆ. ಸುಮಾರು 1 ಗಿಗಾಹರ್ಟ್ಸ್ ದಾಟಿದ ಮೇಲೆ ಮಂಜು ತೆಳುವಾಗಿ ಆರ್‌ಪಾರ್ ಕಾಣೋಕೆ ಶುರುವಾಗುತ್ತೆ. ಅಲ್ಲಿಂದ ಮುಂದೆ ಏರಿಕೆ ನಿಂತು ಗೆರೆ ಚಪ್ಪಟೆ, ಇನ್ನೂ ಹೇಳಬೇಕಂದ್ರೆ ಚೂರೇ ಚೂರು ಇಳಿಯುತ್ತೆ. ಅದಕ್ಕೇ ಎಂ 42 ನಿಮಗೆ 4 ಗಿಗಾಹರ್ಟ್ಸ್‌ನಲ್ಲೂ 400 ಜಾನ್ಸ್ಕಿ ಆಸುಪಾಸು, 11ರಲ್ಲೂ ಹೆಚ್ಚುಕಡಿಮೆ ಅಷ್ಟೇ.

ಆದ್ರೆ "ಏರದೇ ಇದ್ರೂ ಇಳಿಯಲ್ಲ" ಅನ್ನೋದೇ ದೊಡ್ಡ ಸಹಾಯ. ಕ್ಯಾಸ್ ಎ, ಸಿಗ್ನಸ್ ಎ (ದೂರದ ಒಂದು ರೇಡಿಯೊ ಗ್ಯಾಲಕ್ಸಿ) ಎರಡೂ ಕೆಳಗೆ ಜಾರೋ ಹೊತ್ತಲ್ಲಿ ಎಂ 42, ಅಂಥದ್ದೇ ಇನ್ನೊಂದು ನೀಹಾರಿಕೆ ಎಂ 17 ನಿಂತ ಜಾಗದಲ್ಲೇ ನಿಂತು ಮುಂದಿನ ಸಾಲಿಗೆ ಬಂದುಬಿಡ್ತವೆ.

ಹೊಸಬ, ನಿನಗೆ ಇನ್ನೊಂದು ಹೇಳ್ತೀನಿ. ಅದೇ ಥರದ ಅನಿಲದ ನೀಹಾರಿಕೆ 34.5 ಮೆಗಾಹರ್ಟ್ಸ್‌ನಲ್ಲಿ ಹೇಗೆ ಕಾಣುತ್ತೆ ಗೊತ್ತಾ? ಕಪ್ಪಗೆ! ಆ ಫ್ರೀಕ್ವೆನ್ಸಿಯಲ್ಲಿ ಕ್ಷೀರಪಥದ ಹಿನ್ನೆಲೆಯೇ ಹತ್ತಾರು ಸಾವಿರ ಕೆಲ್ವಿನ್ ಬೆಳಗ್ತಿರುತ್ತೆ. ಅದರ ಮುಂದೆ 8,000 ಕೆಲ್ವಿನ್‌ನ ದಟ್ಟ ಮಂಜು ಅಡ್ಡ ನಿಂತ್ರೆ ತಂಪು ಮಚ್ಚೆ. ನಮ್ಮ ಗೌರಿಬಿದನೂರಿನ ಟಿ ಆಕಾರದ ಸಾವಿರ ಡೈಪೋಲ್‌ಗಳ ದೂರದರ್ಶಕ ಇದೇ 34.5ರಲ್ಲಿ ಆಕಾಶದ ನಕ್ಷೆ ಮಾಡಿದ್ದು. ಒಂದೇ ವಸ್ತು, ಗೌರಿಬಿದನೂರಿನ ಫ್ರೀಕ್ವೆನ್ಸಿಯಲ್ಲಿ ನೆರಳು, ತುಮಕೂರಿನ ಡಿಶ್ ಫ್ರೀಕ್ವೆನ್ಸಿಯಲ್ಲಿ ದೀಪ.

ನಿವೃತ್ತ_ಮೇಷ್ಟ್ರು
ಒಪ್ಪಿದೆ. ಅವಸರದಲ್ಲಿ ಹೇಳಿಬಿಟ್ಟೆ. ಮಗು, ಮೃಗಶಿರ ಅವರು ಬರೆದಿದ್ದನ್ನೇ ಬರೆದುಕೋ.

ಹೊಸಬ_ಪಿಯು
ಬರ್ಕೊಂಡೆ ಸಾರ್. ನೆರಳು-ದೀಪ ಸೂಪರ್.

ಶರಾವತಿ_ಹಿನ್ನೀರು
ಸಾಗರದ ಕಡೆಯವಳು ನಾನು. ಈ ಚರ್ಚೆ ನೋಡಿ ಸುಮ್ಮನಿರಲಾಗಲಿಲ್ಲ.

ಪೇಟೆಯ ಕೇಬಲ್ ಆಪರೇಟರ್ ಒಬ್ಬರು ಅಂಗಡಿ ಮುಚ್ಚುವಾಗ 8 ಅಡಿಯ ಸಿ-ಬ್ಯಾಂಡ್ (4 ಗಿಗಾಹರ್ಟ್ಸ್ ಆಸುಪಾಸಿನ) ಜಾಲರಿ ಡಿಶ್ ಗುಜರಿಗೆ ಹಾಕ್ತಿದ್ದರು. ಗುಜರಿಯವನು ಕೊಡೋ ರೇಟಿಗೇ ನಾನು ಕೊಂಡೆ. ಅಡಿಕೆ ಸಾಗಿಸೋ ಪಿಕಪ್‌ನಲ್ಲಿ ಮನೆಗೆ ಬಂತು. ಈಗ ಅಡಿಕೆ ಒಣಗಿಸೋ ಅಂಗಳದ ಮೂಲೆಯಲ್ಲಿ ಆಕಾಶ ನೋಡ್ತಾ ನಿಂತಿದೆ. 4 ಗಿಗಾಹರ್ಟ್ಸ್‌ನಲ್ಲಿ ಅದರ ನೋಟದ ಅಗಲ ಸುಮಾರು 2.2 ಡಿಗ್ರಿ.

ಚಂದ್ರ ಮೊದಲ ದಿನವೇ ಸಿಕ್ಕಿದ. ಏಡಿ ನೀಹಾರಿಕೆ ಸಿಕ್ಕಿದ್ದು ಹನ್ನೊಂದು ರಾತ್ರಿಯ ದಾಖಲೆ ಒಂದರ ಮೇಲೊಂದು ಕೂಡಿಸಿದ ಮೇಲೆ, ಅರ್ಧ ಕೆಲ್ವಿನ್‌ನಷ್ಟು ಒಂದು ದಿಬ್ಬ. ಏಡಿಯೂ ಸಿಂಕ್ರೊಟ್ರಾನ್‌ದೇ, ಆದರೆ ಅದರ ನಡುವಿನ ಪಲ್ಸಾರ್ (ಗಿರಗಿರ ತಿರುಗೋ ಸತ್ತ ನಕ್ಷತ್ರ) ಹೊಸ ಎಲೆಕ್ಟ್ರಾನ್‌ಗಳನ್ನ ತುಂಬ್ತಾನೇ ಇರೋದ್ರಿಂದ ಕ್ಯಾಸ್ ಎ ಅಷ್ಟು ಬೇಗ ಇಳಿಯಲ್ಲ.

ನಿಜವಾದ ನಕ್ಷತ್ರಲೋಕದ್ದಾ, ಪಕ್ಕದ ಮನೆ ಮೋಟಾರಿನದ್ದಾ ಅಂತ ತಿಳಿಯೋಕೆ ಒಂದೇ ಪರೀಕ್ಷೆ ಸಾಕು. ಡಿಶ್ ಅಲ್ಲಾಡಿಸದೆ ಬಿಡಿ. ದಿಬ್ಬ ದಿನಕ್ಕೆ 4 ನಿಮಿಷ ಬೇಗ ಬರಬೇಕು. ಮೋಟಾರು, ಬೀದಿ ದೀಪ, ಟ್ಯೂಷನ್ ಮಕ್ಕಳ ಬೈಕು ಯಾವುದಕ್ಕೂ ಆ ಶಿಸ್ತಿಲ್ಲ.

ಕುಡ್ಲದ_ಕಡಲು
ಅಕ್ಕ, ಏಡಿ ನಮ್ಮಲ್ಲಿ ಹೆಚ್ಚುಕಡಿಮೆ ನೆತ್ತಿ ಮೇಲೇ ಹೋಗ್ತದಲ್ಲ, ಡಿಶ್ ಬಾಯಿ ಮೇಲೆ ಮಾಡಿ ಇಟ್ರೆ ಮಳೆ ನೀರು ತುಂಬುದಿಲ್ವಾ?

ಶರಾವತಿ_ಹಿನ್ನೀರು
ಜಾಲರಿ ಅಲ್ವಾ, ನೀರು ಸೋರಿ ಹೋಗುತ್ತೆ. ಎಲೆ ಮಾತ್ರ ದಿನಾ ಗುಡಿಸಬೇಕು. ನಮ್ಮ ಆಗುಂಬೆ ಕಡೆಯ ಮಳೆಗೆ ಗಟ್ಟಿ ಡಿಶ್ ಇಟ್ಟಿದ್ರೆ ತೊಟ್ಟಿ ಆಗ್ತಿತ್ತು.

ತುಮಕೂರು_ತಾರಸಿ
ಅಂಥದ್ದೇ ಜಾಲರಿ ಡಿಶ್ ಸಿಕ್ಕಿದ್ರೆ ಅದಕ್ಕೆ ನನ್ನ ಕೆಯು-ಬ್ಯಾಂಡ್ (11 ಗಿಗಾಹರ್ಟ್ಸ್ ಆಸುಪಾಸಿನ) ಎಲ್‌ಎನ್‌ಬಿ ಹಾಕಬಹುದಾ? 11ರಲ್ಲಿ 8 ಅಡಿ ಅಂದ್ರೆ ಚಂದ್ರ ಏನು ಎಂ 42ನೂ ಬಂದುಬಿಡುತ್ತಲ್ಲ!

ಹುಬ್ಬಳ್ಳಿ_ಹ್ಯಾಮ್
ಜಾಲರಿ ತೂತು ತರಂಗಾಂತರದ ಹತ್ತನೇ ಒಂದು ಪಾಲಿಗಿಂತ ಸಣ್ಣದಿರಬೇಕ್ರಿ. ಸಿ-ಬ್ಯಾಂಡ್‌ಗೆ 7 ಮಿ.ಮೀ. ನಡೀತೈತಿ, ನಿಮ್ಮ 11ಕ್ಕ 2.7 ಮಿ.ಮೀ. ಅದರ ಮ್ಯಾಲ ಮೈಯ ಉಬ್ಬುತಗ್ಗು ತರಂಗಾಂತರದ ಹದಿನಾರನೇ ಪಾಲಿನೊಳಗ ಇರಬೇಕು, ಅಂದ್ರ ಒಂದೂಮುಕ್ಕಾಲು ಮಿಲಿಮೀಟರ್. ಗುಜರಿಯೊಳಗ ಎತ್ತಿ ಒಗದಿದ್ದ ಡಿಶ್‌ನಾಗ ಅಷ್ಟು ಸಾಪ ಸಿಗೂದು ಕಷ್ಟ. ಫ್ರೀಕ್ವೆನ್ಸಿ ಏರಿದಷ್ಟೂ ಚಂದ್ರ ಬೆಳಗತಾನ ಖರೆ, ಡಿಶ್‌ನ ತಪ್ಪೂ ಅಷ್ಟ ಜೋರ ಕಾಣತಾವ.

ಕುಡ್ಲದ_ಕಡಲು
ಎಂ 42 ಬಗ್ಗೆ ಒಂದು ವಿಷಯ ಯಾರೂ ಹೇಳಿಲ್ಲ ಮಾರಾಯ್ರೆ. ಟಿವಿ ಉಪಗ್ರಹಗಳ ಸಾಲು ನಮ್ಮ 13 ಡಿಗ್ರಿ ಅಕ್ಷಾಂಶದಿಂದ ನೋಡಿದ್ರೆ ಆಕಾಶದ ಮಧ್ಯರೇಖೆಯಿಂದ 2.3 ಡಿಗ್ರಿ ದಕ್ಷಿಣಕ್ಕೆ ಕಾಣ್ತದೆ. ಎಂ 42 ಇರುದು 5.4 ಡಿಗ್ರಿ ದಕ್ಷಿಣಕ್ಕೆ. ಮಧ್ಯೆ ಬರೀ 3 ಡಿಗ್ರಿ! 60 ಸೆಂ.ಮೀ. ಡಿಶ್‌ನ ನೋಟದ ಅಗಲವೇ 3 ಡಿಗ್ರಿ ಉಂಟು. ಎಂ 42 ಅಂತ ನೀವು ಹಿಡಿದದ್ದು ಧಾರಾವಾಹಿ ಆಗಿರ್ತದೆ.

ಸೂರ್ಯ ಎಷ್ಟು ಜೋರು ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತುಂಟು. ಮಾರ್ಚ್ ನಡುವಿಗೆ ಒಮ್ಮೆ, ಸೆಪ್ಟೆಂಬರ್ ಕೊನೆಗೆ ಒಮ್ಮೆ, ಹಗಲು ಹೊತ್ತಲ್ಲಿ ಕೆಲವು ನಿಮಿಷ ಟಿವಿ ಚಿತ್ರ ಒಡೆದು ಹೋಗ್ತದಲ್ಲ, ಸೂರ್ಯ ಉಪಗ್ರಹದ ಬೆನ್ನ ಹಿಂದೆಯೇ ಬಂದು ನಿಂತದ್ದು. ನಮ್ಮ ತಂದೆ ಪ್ರತಿ ಸಲ ಕೇಬಲ್ ಸಡಿಲ ಆಯ್ತು ಅಂತ ಮಾಡು ಹತ್ತುತ್ತಿದ್ದರು. ಅವರು ಇಳಿಯುವಷ್ಟರಲ್ಲಿ ಚಿತ್ರ ತಾನಾಗಿ ಸರಿಯಾಗ್ತಿತ್ತು. ಕಾರಣ ಗೊತ್ತಾದದ್ದು ನಾನು ಇಂಜಿನಿಯರಿಂಗ್‌ಗೆ ಬಂದ ಮೇಲೆ. ಅಪ್ಪನಿಗೆ ಹೇಳಿದಾಗ ಅವರು ಆ ವರ್ಷ ಮಾಡು ಹತ್ತದೆ ಗಡಿಯಾರ ಹಿಡಿದು ಕೂತು ನಿಮಿಷ ಎಣಿಸಿದರು.

ಹುಬ್ಬಳ್ಳಿ_ಹ್ಯಾಮ್
ಕಡಲು ಅವರ, ಅರ್ಧ ಒಪ್ಪತೀನಿ. ಡಿಶ್ ಕಟ್ಟಿ ಹಾಕಿ ಆಕಾಶ ಸರಿಯೂದನ್ನ ನೋಡೂವಾಗ ಡಿಶ್ಶೂ ನಿಂತಿರ್ತೈತಿ, ಉಪಗ್ರಹನೂ ನಿಂತಿರ್ತೈತಿ. ಹಂಗಾಗಿ ಉಪಗ್ರಹ ಸುಳ್ಳ ದಿಬ್ಬ ಮಾಡೂದಿಲ್ಲ, ಗೆರಿ ಎತ್ತರಸಿ ಬಿಡ್ತೈತಿ ಅಷ್ಟ. ಅದ್ರ ಅದರ ಪವರ್ ಹೆಚ್ಚುಕಮ್ಮಿ ಆಗ್ತಿರ್ತೈತಿ, ಎಂ 42ರ ಸಣ್ಣ ದಿಬ್ಬ ಅದರಾಗ ಮುಳಗಿ ಹೋಗ್ತೈತಿ. ನೀವು ಹೇಳಿದ ತೊಂದ್ರಿ ಖರೆ, ಕಾರಣ ಬ್ಯಾರೆ.

ಕುಡ್ಲದ_ಕಡಲು
ಹೌದು, ಅದು ಸರಿ. ಹಾಗಾದ್ರೆ ಎಂ 17 ಒಳ್ಳೇದು. 16 ಡಿಗ್ರಿ ದಕ್ಷಿಣ, ಉಪಗ್ರಹದ ಸಾಲಿನಿಂದ ಸಾಕಷ್ಟು ದೂರ. ಅಕ್ಟೋಬರ್ ಮೊದಲ ವಾರ ಸಂಜೆ ಆರರ ಸುಮಾರಿಗೆ ನಡುರೇಖೆ (ನೆತ್ತಿ ಮೇಲಿನ ಉತ್ತರ-ದಕ್ಷಿಣ ಗೆರೆ) ದಾಟ್ತದೆ.

ಮೃಗಶಿರ
ಎಂ 17ಕ್ಕೆ ನನ್ನದೂ ಓಟು. ಎಂ 42ಗಿಂತ ಒಂದು ಕೈ ಹೆಚ್ಚೇ ಇದೆ ಅದು. ಆದ್ರೆ 60 ಸೆಂ.ಮೀ.ಗೆ ಅಲ್ಲ, 2 ಮೀಟರ್ ಮೇಲಿನ ಡಿಶ್‌ಗೆ. ಗ್ರಹ ಬೇಕು ಅನ್ನೋರಿಗೆ ಶುಕ್ರ. ಭೂಮಿಗೆ ತೀರಾ ಹತ್ತಿರ ಬಂದಾಗ 11ರಲ್ಲಿ 150 ಜಾನ್ಸ್ಕಿ ದಾಟುತ್ತೆ, ಅದರ ವಾತಾವರಣ ಅಷ್ಟು ಬಿಸಿ.

ಅನಾಮಿಕ_ಓದುಗ
ಸ್ವಲ್ಪ ಕಠಿಣವಾಗಿ ಹೇಳ್ತೀನಿ, ಬೇಜಾರು ಬೇಡ. ಪ್ರಶ್ನೆ ಇದ್ದದ್ದು ಫ್ರೀಕ್ವೆನ್ಸಿ ಏರಿದಷ್ಟೂ ಬೆಳಗೋ ಮೂಲಗಳ ಬಗ್ಗೆ. ಚಂದ್ರ, ಸೂರ್ಯ ಅಂತ ಸುತ್ತು ಹೊಡೀತಿದ್ದೀರಿ. ಖಗೋಳ ವಿಜ್ಞಾನಿಗಳು ತಲೆಕೆಳಗಾದ ರೋಹಿತ (ಫ್ರೀಕ್ವೆನ್ಸಿ ಜೊತೆ ಏರೋ ಬೆಳಕಿನ ಗೆರೆ) ಅನ್ನೋದು ಗ್ಯಾಲಕ್ಸಿಗಳ ವಿಷಯದಲ್ಲಿ. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಹುಬ್ಬಳ್ಳಿ_ಹ್ಯಾಮ್
ಕೇಳಿದವರ ಕೈಯಾಗ ಇರೂದು 60 ಸೆಂ.ಮೀ. ಡಿಶ್ ರೀ. ಗ್ಯಾಲಕ್ಸಿ ಹೇಳಿ ಏನ ಮಾಡೂದು?

ಅನಾಮಿಕ_ಓದುಗ
ತಿಳ್ಕೊಳ್ಳೋಕೆ ಡಿಶ್ ಬೇಕಾ?

ನಿವೃತ್ತ_ಮೇಷ್ಟ್ರು
ಇಬ್ಬರೂ ಸರಿ. ಆ ಗ್ಯಾಲಕ್ಸಿಗಳ ಕಥೆಯಲ್ಲಿ ನನಗೆ ಬಹಳ ಇಷ್ಟವಾದದ್ದೊಂದಿದೆ.

1960ರ ಸುಮಾರಿಗೆ ಕ್ಯಾಲ್‌ಟೆಕ್‌ನವರು ಮಾಡಿದ ರೇಡಿಯೊ ಮೂಲಗಳ ಪಟ್ಟಿಯಲ್ಲಿ ಸಿಟಿಎ 21, ಸಿಟಿಎ 102 ಅಂತ ಎರಡು ಇದ್ದವು. ಮಿಕ್ಕವೆಲ್ಲ ಫ್ರೀಕ್ವೆನ್ಸಿ ಏರಿದಂತೆ ಇಳಿಯುವಾಗ ಇವೆರಡು ಮೊದಲು ಏರಿ, 900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತಿದ್ದವು. 1964ರಲ್ಲಿ ಸೋವಿಯತ್ ವಿಜ್ಞಾನಿ ನಿಕೊಲಾಯ್ ಕಾರ್ದಶೇವ್, ದೂರದ ಮುಂದುವರಿದ ನಾಗರಿಕತೆಯೊಂದು ಸಂದೇಶ ಕಳಿಸುವುದಾದರೆ ಅದರ ರೋಹಿತ ಇದೇ ಆಕಾರದಲ್ಲಿ ಇರಬಹುದು ಅಂತ ಬರೆದರು, ಈ ಎರಡನ್ನೇ ಹೆಸರಿಸಿದರು. ಮರುವರ್ಷ ಅವರ ಸಹೋದ್ಯೋಗಿ ಶೊಲೊಮಿತ್ಸ್ಕಿ, ಸಿಟಿಎ 102ರ ಬೆಳಕು ಹೆಚ್ಚುಕಡಿಮೆ ಆಗುತ್ತಿದೆ ಅಂತ ಪ್ರಕಟಿಸಿದರು. ಸುದ್ದಿ ಸಂಸ್ಥೆ ತಾಸ್ ಅದನ್ನು ಜಗತ್ತಿಗೆಲ್ಲ ಸಾರಿತು. ಕೊನೆಗೆ ನೋಡಿದರೆ ಅದೊಂದು ಕ್ವೇಸಾರ್, ಅಂದರೆ ಬಹಳ ದೂರದ ಗ್ಯಾಲಕ್ಸಿಯೊಂದರ ಪ್ರಖರ ನಡುಭಾಗ.

ಹಾಗಾದರೆ ಆ ಏರಿಕೆ ಯಾಕೆ? ಮೂಲ ತೀರಾ ಚಿಕ್ಕದು, ತೀರಾ ದಟ್ಟ. ಕಡಿಮೆ ಫ್ರೀಕ್ವೆನ್ಸಿಯ ಬೆಳಕನ್ನು ಹುಟ್ಟಿಸಿದ ಎಲೆಕ್ಟ್ರಾನ್‌ಗಳೇ ಮತ್ತೆ ನುಂಗಿಬಿಡುತ್ತವೆ, ಹೊರಗೆ ಬಿಡುವುದಿಲ್ಲ. ಫ್ರೀಕ್ವೆನ್ಸಿ ಏರಿದಂತೆ ನುಂಗುವುದು ಕಡಿಮೆಯಾಗಿ ಬೆಳಕು ಹೊರಬೀಳುತ್ತೆ. ಮೂಲ ಚಿಕ್ಕದಾದಷ್ಟೂ ತುದಿ ಹೆಚ್ಚಿನ ಫ್ರೀಕ್ವೆನ್ಸಿಗೆ ಸರಿಯುತ್ತೆ. ರೋಹಿತದ ಗೆರೆ ನೋಡಿಯೇ ಮೂಲದ ಗಾತ್ರ ಊಹಿಸಬಹುದು ಅನ್ನುವುದು ನನಗೆ ಪಾಠ ಹೇಳುವಾಗಲೆಲ್ಲ ಮೈ ಜುಮ್ ಅನ್ನಿಸುತ್ತಿದ್ದ ವಿಷಯ.

ಮೃಗಶಿರ
ಇಂಥ ಮೂಲಗಳಲ್ಲಿ ಬಹಳಷ್ಟು ಈಗ ತಾನೇ ಹುಟ್ಟಿದ ರೇಡಿಯೊ ಗ್ಯಾಲಕ್ಸಿಗಳು. ಅವುಗಳ ಎರಡು ತುದಿಗಳು ಒಂದರಿಂದೊಂದು ದೂರ ಸರಿಯೋದನ್ನ ವರ್ಷಗಟ್ಟಲೆ ಅಳೆದು, ಕೆಲವಕ್ಕೆ ವಯಸ್ಸು ನೂರಾರು, ಸಾವಿರಾರು ವರ್ಷ ಅಷ್ಟೇ ಅಂತ ಕಂಡುಕೊಂಡಿದ್ದಾರೆ. ಗ್ಯಾಲಕ್ಸಿ ಲೆಕ್ಕದಲ್ಲಿ ಅದು ಹಾಲುಗಲ್ಲದ ಕೂಸು. ಎಲ್ಲವೂ ಹಾಗೇ ಅಲ್ಲ, ಕೆಲವು ಸುತ್ತಲಿನ ದಟ್ಟ ಅನಿಲಕ್ಕೆ ಸಿಕ್ಕಿ ಬೆಳೆಯಲಾರದೆ ಇರೋವು ಅನ್ನೋ ವಾದವೂ ಇದೆ.

ನಮ್ಮ ಗ್ಯಾಲಕ್ಸಿಯ ನಡುವಿನ ಸ್ಯಾಜಿಟೇರಿಯಸ್ ಎ ಸ್ಟಾರ್ ಕೂಡ ಏರುವ ಗುಂಪಿನದೇ. 1 ಗಿಗಾಹರ್ಟ್ಸ್ ಹತ್ತಿರ ಅರ್ಧ ಜಾನ್ಸ್ಕಿ, ಮಿಲಿಮೀಟರ್ ಅಲೆಗೆ ಹೋದ್ರೆ 2-3 ಜಾನ್ಸ್ಕಿ. 2022ರಲ್ಲಿ ಬಂದ ಆ ಕಪ್ಪುಕುಳಿಯ ಚಿತ್ರ 230 ಗಿಗಾಹರ್ಟ್ಸ್‌ನಲ್ಲಿ ತೆಗೆದದ್ದಕ್ಕೆ ಒಂದು ಕಾರಣ ಇದೇ, ಅಲ್ಲಿ ಮಂಜು ಸರಿದು ಒಳಗಿನದು ಕಾಣುತ್ತೆ.

ಸಿಡ್ನಿ_ಕನ್ನಡಿಗ
ಇಲ್ಲಿ ನ್ಯಾರಬ್ರಿಯ ಹತ್ತಿರ ಆರು ಡಿಶ್‌ಗಳ ಕಾಂಪ್ಯಾಕ್ಟ್ ಅರೇ ಇದೆ, ಒಂದೊಂದೂ 22 ಮೀಟರ್. ಮಕ್ಕಳನ್ನ ಕರ್ಕೊಂಡು ಹೋಗಿದ್ದೆ. ಅವರು ಅಳತೆಗೋಲಾಗಿ ಇಟ್ಟುಕೊಂಡಿರೋ ಮೂಲ ಪಿಕೆಎಸ್ 1934-638. ಅದೂ ಇದೇ ಜಾತಿ, ತುದಿ ಇರೋದು 1.4 ಗಿಗಾಹರ್ಟ್ಸ್ ಹತ್ತಿರ, ಅಲ್ಲಿ ಸುಮಾರು 15 ಜಾನ್ಸ್ಕಿ. ತುಂಬ ಸ್ಥಿರ, ಅದಕ್ಕೇ ಎಲ್ಲರೂ ಅದನ್ನ ನೋಡಿ ತಮ್ಮ ದೂರದರ್ಶಕ ಸರಿ ಮಾಡ್ಕೋತಾರೆ. ಬೆಂಗಳೂರಿಂದ ದಿಗಂತದ ಮೇಲೆ 13 ಡಿಗ್ರಿಗಿಂತ ಮೇಲಕ್ಕೆ ಬರಲ್ಲ.

ಹೊಸಬ_ಪಿಯು
ಒಂದು ಪುಸ್ತಕದಲ್ಲಿ ರೋಹಿತ ಸೂಚ್ಯಂಕ ಆಲ್ಫಾ (ಗೆರೆ ಎಷ್ಟು ಕಡಿದಾಗಿ ಏರುತ್ತೆ, ಇಳಿಯುತ್ತೆ ಅನ್ನೋ ಅಂಕಿ) +0.7 ಅಂದ್ರೆ ಇಳಿಯೋ ಮೂಲ ಅಂತಿದೆ, ಇನ್ನೊಂದರಲ್ಲಿ -0.7 ಅಂದ್ರೆ ಇಳಿಯೋದು ಅಂತಿದೆ. ಯಾವುದು ಸರಿ?

ಮೃಗಶಿರ
ಎರಡೂ ಬಳಕೆಯಲ್ಲಿವೆ. ಸೂತ್ರದಲ್ಲಿ ಮೈನಸ್ ಮೊದಲೇ ಹಾಕಿದ್ದಾರಾ ಇಲ್ವಾ ಅಂತ ಮೊದಲ ಪುಟದಲ್ಲೇ ನೋಡಿಬಿಡು. ನನ್ನ ಮೊದಲ ವರ್ಷದ ಒಂದಿಡೀ ವಾರ ಈ ಒಂದು ಚಿಹ್ನೆಗೆ ಹೋಯ್ತು.

ಅನಾಮಿಕ_ಓದುಗ
ಮೇಷ್ಟ್ರಿಗೆ, ಮೃಗಶಿರ ಅವರಿಗೆ ಧನ್ಯವಾದ. ನಾನು ಕೇಳಬೇಕು ಅಂತಿದ್ದದ್ದು ಇದೇ.

ಶರಾವತಿ_ಹಿನ್ನೀರು
ಸ್ವಲ್ಪ ವಿಷಯಾಂತರ. ಸಿ-ಬ್ಯಾಂಡ್ ಡಿಶ್ ತಗೊಳ್ಳೋರು ಒಂದು ನೆನಪಿಡಿ. 5ಜಿ 3.3ರಿಂದ 3.67 ಗಿಗಾಹರ್ಟ್ಸ್‌ನಲ್ಲಿದೆ, ನಮ್ಮ ಎಲ್‌ಎನ್‌ಬಿ ಶುರುವಾಗೋದು 3.7ಕ್ಕೆ. ಹೊಸ ಟವರ್ ಬಂದ ದಿನ ನನ್ನ ಗೆರೆ ಹುಚ್ಚು ಹಿಡಿದ ಹಾಗೆ ಕುಣಿಯಿತು. ಮುಂದೆ ಒಂದು ಫಿಲ್ಟರ್ ಹಾಕಿದ ಮೇಲೆ ಸುಧಾರಿಸಿತು. ಗದ್ದಲವಿಲ್ಲದ ಜಾಗ ಹುಡುಕಿಕೊಂಡೇ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಸರಸ್ 3 ಆಂಟೆನಾವನ್ನ ನಮ್ಮ ಶರಾವತಿ ಹಿನ್ನೀರಿನ ಮೇಲೆ ತೇಲಿಸಿದ್ದು. ನೀರಿನ ಮೇಲೆ ಯಾಕೆ ಅಂದ್ರೆ, ಆಂಟೆನಾ ಕೆಳಗೆ ಎಲ್ಲ ಕಡೆ ಒಂದೇ ಸಮ ಇರಬೇಕು, ನೆಲ ಹಾಗಿರಲ್ಲ. ಅದು ನೂರು ಮೆಗಾಹರ್ಟ್ಸ್‌ಗಿಂತ ಕೆಳಗಿನ ಕೆಲಸ, ನಮ್ಮದಕ್ಕೆ ತೀರಾ ಆ ಕಡೆ. ಆದ್ರೂ ನಮ್ಮೂರಿನ ನೀರು ಮೊದಲ ನಕ್ಷತ್ರಗಳ ಹುಡುಕಾಟಕ್ಕೆ ಬಂತು ಅನ್ನೋ ಹೆಮ್ಮೆ.

ತುಮಕೂರು_ತಾರಸಿ
ಎಲ್ಲರಿಗೂ ಒಂದು ಸುದ್ದಿ! ಒಂಬತ್ತು ದಿನ ತಡವಾಯ್ತು, ಮಳೆ.

ಹುಬ್ಬಳ್ಳಿ ಸಾರ್ ಹೇಳಿದ ಹಾಗೆ ಸ್ಯಾಟ್ ಫೈಂಡರ್ ಬಿಚ್ಚಿದೆ. ಆಫ್‌ಸೆಟ್ ಅಳೆದೆ, ಡಿಶ್ ಹಿಂದೆ ಬರೆದೆ. ಎಲ್‌ಎನ್‌ಬಿಗೆ ಥರ್ಮಾಕೋಲ್ ಹೊದಿಸಿದೆ, ಯಾಕಂದ್ರೆ ಸಂಜೆ ತಂಪಾಗ್ತಿದ್ದ ಹಾಗೆ ಗೆರೆ ತಾನಾಗೇ ಜಾರ್ತಿತ್ತು. ಗೆರೆ ಎಷ್ಟು ಏರಿದ್ರೆ ಎಷ್ಟು ಕೆಲ್ವಿನ್ ಅಂತ ಅಂದಾಜಿಗೆ ಎದುರು ಮನೆ ಗೋಡೆಗೆ ಒಮ್ಮೆ, ಖಾಲಿ ಆಕಾಶಕ್ಕೆ ಒಮ್ಮೆ ತಿರುಗಿಸಿ ಅಳತೆ ತಗೊಂಡೆ. ಆಮೇಲೆ ಚಂದ್ರ ಬರೋ ಜಾಗಕ್ಕೆ ಡಿಶ್ ನೆಟ್ಟು, ಕೆಳಗೆ ಊಟಕ್ಕೆ ಹೋದೆ.

ವಾಪಸ್ ಬಂದು ನೋಡಿದ್ರೆ 9:14ಕ್ಕೆ ನಡು ಇರೋ ಒಂದು ದುಂಡನೆ ದಿಬ್ಬ. ಅಗಲ 13 ನಿಮಿಷ. ಎತ್ತರ ಸುಮಾರು 3 ಕೆಲ್ವಿನ್. ಮಾರನೇ ರಾತ್ರಿ ಎತ್ತರದ ಕೋನ ಬದಲಿಸಿ ಮತ್ತೆ ಇಟ್ಟೆ, 10:05ಕ್ಕೆ ಬಂತು. ಒಂದು ನಿಮಿಷ ಕಳವಳ ಆಯ್ತು, 4 ನಿಮಿಷ ಬೇಗ ಬರಬೇಕಿತ್ತಲ್ಲ ಅಂತ. ಆಮೇಲೆ ಹೊಳೀತು.

ಶರಾವತಿ_ಹಿನ್ನೀರು
ಚಂದ್ರ ದಿನಕ್ಕೆ 50 ನಿಮಿಷ ತಡ! ನಕ್ಷತ್ರಕ್ಕೆ ಮಾತ್ರ 4 ನಿಮಿಷ ಬೇಗ. 51 ನಿಮಿಷ ತಡವಾಗಿ ಬರೋ ಮೋಟಾರು ಯಾರ ಮನೆಯಲ್ಲೂ ಇಲ್ಲ. ಅದು ಚಂದ್ರನೇ, ಅಭಿನಂದನೆ ತಮ್ಮಾ.

ನಿವೃತ್ತ_ಮೇಷ್ಟ್ರು
ಬಹಳ ಸಂತೋಷ. ಅಗಲವೂ ಸರಿ ಬಂದಿದೆ ನೋಡಿ, 3.1 ಡಿಗ್ರಿ ನೋಟವನ್ನು ಗಂಟೆಗೆ ಹದಿನಾಲ್ಕೂವರೆ ಡಿಗ್ರಿ ಸರಿಯುವ ಚಂದ್ರ ದಾಟಲು 13 ನಿಮಿಷ.

ಹೊಸಬ_ಪಿಯು
ಅಮಾವಾಸ್ಯೆ ಹತ್ತಿರ ದಿಬ್ಬ ಚಿಕ್ಕದಾಗುತ್ತಾ?

ಶರಾವತಿ_ಹಿನ್ನೀರು
ಇದಕ್ಕೆ ನನ್ನ ಹತ್ರ ಉತ್ತರ ಇದೆ. ಚೌತಿ ದಿನ ಚಂದ್ರನ್ನ ನೋಡಬಾರದು ಅಂತ ನಮ್ಮ ಅತ್ತೆ ಬಲು ಕಟ್ಟುನಿಟ್ಟು. ಸಂಜೆ ಆದ ಮೇಲೆ ಯಾರನ್ನೂ ಅಂಗಳಕ್ಕೆ ಬಿಡಲ್ಲ. ನಾನು ಹೊರಗೆ ಹೋಗಲಿಲ್ಲ, ಡಿಶ್ ಮಾತ್ರ ಅಂಗಳದಲ್ಲೇ ಇತ್ತು. ಮಧ್ಯಾಹ್ನ ಮೂರು ದಾಟಿದ ಮೇಲೆ ಚೌತಿ ಚಂದ್ರ ನಡುರೇಖೆಗೆ ಬಂದಾಗ ದಿಬ್ಬ ಬಂತು. ಹುಣ್ಣಿಮೆ ದಿನದ್ದರ ಪಕ್ಕ ಇಟ್ಟು ನೋಡಿದೆ, ಎರಡರ ಎತ್ತರದಲ್ಲಿ ನನ್ನ ಸಾಧನಕ್ಕೆ ಗೊತ್ತಾಗೋ ವ್ಯತ್ಯಾಸವೇ ಇಲ್ಲ. ಕಣ್ಣಿಗೆ ಕಾಣೋದು ಬಿಸಿಲು ಬಿದ್ದ ಎಳೆ ಮಾತ್ರ. ಡಿಶ್‌ಗೆ ಕಾಣೋದು ಮಣ್ಣಿನ ಒಳಗಿನ ಬಿಸಿ, ಕತ್ತಲ ಭಾಗದ್ದೂ ಸೇರಿ. ಅತ್ತೆಗೆ ಎರಡೂ ಗೆರೆ ತೋರಿಸಿದೆ. ಬಹಳ ಹೊತ್ತು ನೋಡಿ, "ಹಾಗಾದ್ರೆ ಅವನು ಯಾವತ್ತೂ ಪೂರ್ತಿನೇ ಇರ್ತಾನೆ" ಅಂದ್ರು.

ಮೃಗಶಿರ
ಎಷ್ಟು ಚೆಂದ ಹೇಳಿದ್ದಾರೆ. ಫ್ರೀಕ್ವೆನ್ಸಿ ಇನ್ನೂ ಏರಿಸಿದ್ರೆ ಮಾತ್ರ ವ್ಯತ್ಯಾಸ ಕಾಣುತ್ತೆ, ಆಗ ನೋಡೋದು ಮೇಲ್ಪದರ. 1949ರಲ್ಲಿ ಆಸ್ಟ್ರೇಲಿಯಾದ ಪಿಡಿಂಗ್ಟನ್, ಮಿನೆಟ್ 1.25 ಸೆಂ.ಮೀ. ಅಲೆಯಲ್ಲಿ ಅಳೆದು, ಚಂದ್ರ ಅತಿ ಬಿಸಿ ಕಾಣೋದು ಹುಣ್ಣಿಮೆ ಕಳೆದು ಮೂರೂವರೆ ದಿನಕ್ಕೆ ಅಂತ ತೋರಿಸಿದ್ರು. ಬಿಸಿಲು ಮಣ್ಣೊಳಗೆ ಇಳಿಯೋಕೆ ಅಷ್ಟು ಹೊತ್ತು ಬೇಕು. ಆಗಿನ್ನೂ ಚಂದ್ರನ ಮಣ್ಣನ್ನ ಯಾರೂ ಮುಟ್ಟಿರಲಿಲ್ಲ, ಅಲ್ಲಿ ಸಣ್ಣ ದೂಳಿನ ಹೊದಿಕೆ ಇರಬೇಕು ಅಂತ ಇಷ್ಟರಿಂದಲೇ ಊಹಿಸಿದ್ರು.

ತುಮಕೂರು_ತಾರಸಿ
ಹಾಗಾದ್ರೆ ಒಂದು ತಿಂಗಳು ಪೂರ್ತಿ ಚಂದ್ರನ್ನೇ ಅಳೀತೀನಿ, ಸಿಕ್ಕ ಅಂಕಿ ಎಲ್ಲ ಇಲ್ಲೇ ಹಾಕ್ತೀನಿ. ಆಮೇಲೆ ಎಂ 17. ಅದಕ್ಕೆ ದೊಡ್ಡ ಡಿಶ್ ಎಲ್ಲಿ ಹುಡುಕೋದು ಗೊತ್ತಿಲ್ಲ.

ಹುಬ್ಬಳ್ಳಿ_ಹ್ಯಾಮ್
ನಮ್ಮ ಓಣ್ಯಾಗ ಒಬ್ಬರ ಮಾಳಿಗಿ ಮ್ಯಾಲ 10 ಅಡಿದು ಗಟ್ಟಿ ಡಿಶ್ ಹತ್ತು ವರ್ಷದಿಂದ ಬಿದ್ದೈತಿ, ಒಯ್ದರ ಸಾಕು ಅನ್ನಾಕತ್ತಾರ. ನಾಕು ತುಂಡು ಮಾಡಿ ಬಿಚ್ಚಾಕ ಬರ್ತೈತಿ. ಮಳಿ ನಿಂತ ಮ್ಯಾಲ ಗಾಡಿ ತಗೊಂಡು ಬರ್ರಿ, ಬಿಚ್ಚಿ ಕೊಡತೀನಿ. ಬರೂವಾಗ 13 ನಂಬರ್ ಪಾನಾ ಎರಡು ತರ್ರಿ, ಬೋಲ್ಟ್ ಜಂಗ್ ಹಿಡದಾವ.